ಅಜ್ಜಿಯೂ ಥೆರಪಿಗೆ ಬರಬೇಕೇ?

ಸುರತ್ಕಲ್‌ನಿಂದ ಒಬ್ಬ ತಾಯಿ:
ನಾಲ್ಕು ವರ್ಷದ ನನ್ನ ಮಗನಿಗೆ ಆಟಿಸಂ ಇದೆಯೆಂದು ತಿಳಿದು ಮೂರು ತಿಂಗಳಾಯಿತು. ವಾರಕ್ಕೆರಡು ಬಾರಿ ಸ್ಪೀಚ್ ಥೆರಪಿಗೆ ಹೋಗುತ್ತಿದ್ದೇವೆ. ಮನೆಯವರೂ ಬಂದು ಕಲಿಯಬೇಕೆಂದು ಅಲ್ಲಿ ಹೇಳಿದ್ದಾರೆ. ಅತ್ತೆಯವರು, ಮಾತು ತಾನಾಗಿ ಬರುತ್ತದೆ ಎನ್ನುತ್ತಾರೆ. ಮನೆಯಲ್ಲಿ ತುಳು ಬಿಟ್ಟು ಕನ್ನಡವನ್ನಷ್ಟೇ ಆಡಬೇಕೇ ಎಂಬ ಗೊಂದಲವೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉಡುಪಿಯಿಂದ ಒಬ್ಬ ತಾಯಿ:
ಅತ್ತೆಯವರೊಡನೆ ವಾದಿಸಬೇಡಿ; ಒಂದು ದಿನ ಜೊತೆಗೆ ಕರೆದೊಯ್ದು ಥೆರಪಿಯ ಕೋಣೆಯೊಳಗೆ ಕೂರಿಸಿ. ನನ್ನ ಮಗಳು ಥೆರಪಿಸ್ಟ್ ಬಳಿ ಇರುತ್ತಿದ್ದುದು ವಾರಕ್ಕೆ ಒಂದೂವರೆ ಗಂಟೆ ಮಾತ್ರ. ಉಳಿದ ಹೊತ್ತು ಅವಳಿಗೆ ಉಣ್ಣಿಸಿ, ಮೀಯಿಸಿ, ಮಲಗಿಸುತ್ತಿದ್ದವರು ನನ್ನ ಅತ್ತೆ. ಅವಳು ಕೈಚಾಚುವ ಮೊದಲೇ ಬೇಕಾದುದನ್ನು ಕೊಟ್ಟುಬಿಡುವಷ್ಟು ಪ್ರೀತಿ ಅವರದು, ಹಾಗಾಗಿ ಕೇಳುವ ಸಂದರ್ಭವೇ ಅವಳಿಗೆ ಬರುತ್ತಿರಲಿಲ್ಲ. ಥೆರಪಿಸ್ಟ್ ಅತ್ತೆಗೆ ಕಲಿಸಿದ್ದು ಇಷ್ಟು: ನೀರುದೋಸೆಯ ಒಂದು ತುಂಡು ಕೊಟ್ಟು, ಎರಡನೆಯದನ್ನು ಮಗುವಿಗೆ ಕಾಣುವಂತೆ ಹಿಡಿದು, 'ಬೋಡಾ?' (ತುಳುವಿನಲ್ಲಿ 'ಬೇಕಾ?') ಎಂದು ಒಮ್ಮೆ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತ ಸುಮ್ಮನಿರುವುದು. ನೋಟವೋ ಬೆರಳೋ ದನಿಯೋ, ಯಾವ ಉತ್ತರ ಬಂದರೂ ಕೂಡಲೇ ಕೊಡುವುದು, ಬಾರದಿದ್ದರೂ ಸತಾಯಿಸದೆ ಕೊಡುವುದು. ಸುಮ್ಮನಿರುವುದೇ ಅತ್ತೆಗೆ ಬಹಳ ಕಷ್ಟವಾಯಿತು. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಮಗಳು ಅವರ ಮಣಿಕಟ್ಟು ಹಿಡಿದು 'ಬೋಡು' ಎಂದಳು. ಅಂದು ಅವರು ಇಡೀ ದೋಸೆಯನ್ನೇ ಅವಳ ಕೈಗೆ ಕೊಟ್ಟರು.

ತುಳು ಖಂಡಿತ ಬಿಡಬೇಡಿ. ಮೊದಲು ಹೋದ ಕಡೆ ನಮಗೂ ಒಂದೇ ಭಾಷೆ ಸಾಕೆಂದಿದ್ದರು. ಕನ್ನಡದಲ್ಲಿ ತಡವರಿಸುತ್ತಿದ್ದ ಅತ್ತೆ ಆ ಆರು ತಿಂಗಳು ಮಗುವಿನೊಡನೆ ಮಾತನ್ನೇ ಕಡಿಮೆ ಮಾಡಿಬಿಟ್ಟರು, ಆ ನಷ್ಟ ನನ್ನನ್ನು ಇಂದಿಗೂ ಕಾಡುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಮಂಗಳೂರಿನಿಂದ ಒಬ್ಬ ತಂದೆ:
ಮಗುವಿನ ತಂದೆಯನ್ನೂ ಒಳಗೆ ಕಳುಹಿಸಿ. ನಾನು ಒಂದು ವರ್ಷ ಹೊರಗಿನ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆ. ಜಾತ್ರೆಯಲ್ಲಿ ಚೆಂಡೆಯ ಸದ್ದಿಗೆ ಮಗ ಕಿವಿ ಮುಚ್ಚಿ ನೆಲಕ್ಕೆ ಬಿದ್ದರೆ ಹಟವೆಂದು ಗದರುತ್ತಿದ್ದೆ. ಆ ಸದ್ದು ಅವನಿಗೆ ನಿಜಕ್ಕೂ ನೋವು ಕೊಡುತ್ತದೆಂದು ಒಳಗೆ ಕುಳಿತ ಮೇಲೆ ತಿಳಿಯಿತು. ಈಗ ಹೊರಡುವ ಮುನ್ನ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತು ಎಂಬುದನ್ನು ಚಿತ್ರಗಳಲ್ಲಿ ತೋರಿಸುತ್ತೇವೆ, ಕಿವಿಗೆ ಇಯರ್‌ಮಫ್ ಹಾಕುತ್ತೇವೆ, ದೇವರ ಬಲಿ ಮೆರವಣಿಗೆ ಹೊರಡುವ ಮೊದಲೇ ಮರಳುತ್ತೇವೆ. ನೆಂಟರು ಪ್ರಶ್ನಿಸಿದರೆ ಉತ್ತರಿಸುವ ಕೆಲಸ ನನ್ನದು.

ಖರ್ಚಿನ ಬಗ್ಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದು ಪಾಲಿದೆ. ಪ್ರಮಾಣಪತ್ರಕ್ಕಾಗಿ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವ ದಿನ ಮಗನಿಗೆ ತಿಂಡಿ, ನೀರು ಮತ್ತು ಇಷ್ಟದ ಆಟಿಕೆಯನ್ನು ಮರೆಯದೆ ಒಯ್ಯಿರಿ, ಕಾಯಬೇಕಾಗಬಹುದು.