ಸಹಾಯ ಬೇಕು: ಬಂದೂಕಿನ ನಳಿಗೆಯೊಳಗಿನ ಬೂದು ಗೆರೆ ಹೋಗುತ್ತಿಲ್ಲ

ಎಲ್ಲರಿಗೂ ಶರಣು. ನಮ್ಮದು ಚಿಂಚೋಳಿ ಕಡೆ ತೊಗರಿ ಹೊಲ. ಅಪ್ಪನ 12 ಬೋರ್ ಜೋಡುನಳಿಗೆ ಬಂದೂಕು ಈಗ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಕ್ಲೀನ್ ಮಾಡುವುದು ನನಗೆ ಹೊಸದು. ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲೇ ಇಟ್ಟಿದ್ದೆ. ಅದೇ ತಪ್ಪಾಯಿತು ಅನಿಸುತ್ತದೆ, ಚರ್ಮ ತೇವ ಹಿಡಿಯುತ್ತದೆ ಅಲ್ವಾ.

ಒಳಗೆ ತೋಟಾ (ಕಾರ್ಟ್ರಿಡ್ಜ್) ಇಲ್ಲ ಅಂತ ಎರಡು ಸಲ ನೋಡಿಕೊಂಡೇ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದೆ. ಬಲಗಡೆಯದರಲ್ಲಿ ಬಾಯಿಯ ಹತ್ತಿರ ಉದ್ದಕ್ಕೆ ಬೂದು ಗೆರೆ. ಸೀಮೆಎಣ್ಣೆ ಅದ್ದಿದ ಬಟ್ಟೆ ನಾಲ್ಕು ಸಲ ಎಳೆದೆ. ಹೊಲಿಗೆ ಮಷಿನ್ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬಟ್ಟೆ ಬೆಳ್ಳಗೇ ಬರುತ್ತದೆ, ಗೆರೆ ಹಾಗೇ ಇದೆ. ತುಕ್ಕಾಗಿದ್ದರೆ ಬಟ್ಟೆಗೆ ಕೆಂಪು ಹತ್ತಬೇಕಿತ್ತು.

ಇದು ಛರ‍್ರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ಸೀಸ ಅಂಟಿದ್ದೇ? ಹಿತ್ತಾಳೆ ಬ್ರಷ್‌ನಿಂದ ಉಜ್ಜಿದರೆ ಒಳಗೆ ಗೀರು ಬೀಳುತ್ತದೆಯೇ, ಇಲ್ಲ ಕಲಬುರಗಿಗೆ ಒಯ್ದು ರಿಪೇರಿಯವರಿಗೇ ತೋರಿಸಬೇಕೇ?