ಶ್ರೀಲಂಕಾದ ಮಲಾಯ್ ಮಾತು: ಶಬ್ದ ಗೊತ್ತುಂಟು, ವಾಕ್ಯ ಬಿಡಿಸಲಿಕ್ಕೆ ಆಗುವುದಿಲ್ಲ

ಕಲ್ಸಂಕ_ಓದು (ಉಡುಪಿ) ಕೇಳಿದ್ದು:

ಮಲೇಷ್ಯಾದ ಮಲಾಯ್ ಭಾಷೆ ಮಟ್ಟಿಗೆ ಬರುತ್ತದೆ. ಈಗ ಶ್ರೀಲಂಕಾದ ಮಲಾಯರ ಮಾತಿನ ಒಂದು ಧ್ವನಿಮುದ್ರಣ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಹತ್ತರಲ್ಲಿ ಆರೇಳು ಶಬ್ದ ಗುರುತು ಸಿಗುತ್ತದೆ, ಆದರೆ ವಾಕ್ಯದ ಅರ್ಥ ಕೂಡಿಬರುವುದಿಲ್ಲ. ಕ್ರಿಯಾಪದ ಎಲ್ಲೋ ಕೊನೆಗೆ ಬರುತ್ತದೆ. ಪ್ರತಿ ವಾಕ್ಯದಲ್ಲೂ 'ಯಙ್' ಎಂದು ಕೇಳುತ್ತದೆ, ಆದರೆ ಮಲಾಯ್‌ನಲ್ಲಿ 'ಯಾಙ್' ಇದ್ದರೆ ಬರಬೇಕಾದ 'ಯಾವುದು... ಅದು' ಎಂಬ ಅರ್ಥ ಇಲ್ಲಿ ಕೂರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು? ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದಾ?

ಬೋಳಾರ_ಬಂದರು:

ಮಾರಾಯ್ರೇ, ಮಲೇಷ್ಯಾದ ವ್ಯಾಕರಣವನ್ನು ಸ್ವಲ್ಪ ಬದಿಗಿಡಿ. ಕನ್ನಡದ ವಾಕ್ಯ ಬಿಡಿಸುವ ಹಾಗೆಯೇ ಬಿಡಿಸಿ, ಮುಕ್ಕಾಲು ಪಾಲು ಬಿಡುತ್ತದೆ. ಈ ಭಾಷೆಯಲ್ಲಿ ಶಬ್ದ ಮಲಾಯ್, ಕಟ್ಟಡ ತಮಿಳು-ಸಿಂಹಳದ್ದು.

ತೋರಿಸಲಿಕ್ಕೆ ನಾನೇ ಕಟ್ಟಿದ ಒಂದು ವಾಕ್ಯ:

ಇಞ್ಚಯಙ್ ರೂಮ-ಕ ನಾಸಿ ಅಸ-ಮಾಕಙ್ ಕುಬ್ಬೊಙ್-ನಙ್ ಸು-ಪಿ.

ಪದಕ್ಕೆ ಪದ ಇಟ್ಟರೆ: ಅವರು (ಒಬ್ಬರೇ, ಗೌರವಕ್ಕೆ) ಮನೆ-ಯಲ್ಲಿ ಅನ್ನ ತಿಂದು ತೋಟ-ಕ್ಕೆ ಹೋದರು. ಒಂದು ಪದವನ್ನೂ ಆಚೀಚೆ ಮಾಡಬೇಕಾಗಿಲ್ಲ. ಇದನ್ನೇ ಮಲೇಷ್ಯಾದಲ್ಲಿ 'ದಿಯ ಮಾಕಾನ್ ನಾಸಿ ದಿ ರುಮಾಹ್, ಲಾಲು ಪರ್ಗಿ ಕ ಕಬುನ್' ಎನ್ನುತ್ತಾರೆ. ಅಲ್ಲಿ ಕ್ರಿಯಾಪದ ಮೊದಲು, ಕರ್ಮ ಆಮೇಲೆ. 'ದಿ' (ಅಲ್ಲಿ), 'ಕ' (ಗೆ/ಕ್ಕೆ) ನಾಮಪದಕ್ಕಿಂತ ಮೊದಲು ನಿಲ್ಲುತ್ತವೆ. ಶ್ರೀಲಂಕಾದಲ್ಲಿ ಅವು ಹೋಗಿ, ನಾಮಪದದ ಬಾಲಕ್ಕೆ ವಿಭಕ್ತಿ ಬಂದಿದೆ.

ಕೊನೆಯಿಂದ ಬಿಡಿಸುತ್ತಾ ಬನ್ನಿ. ಮೊದಲು ಕೊನೆಯ ಕ್ರಿಯಾಪದ ಹಿಡಿದು ಅದರ ತಲೆಯಲ್ಲಿ ಏನುಂಟು ನೋಡಿ. 'ಸು' ಇದ್ದರೆ ಭೂತಕಾಲ (ಮಲಾಯ್‌ನ 'ಸುದಾಹ್'). 'ಅರ' ಇದ್ದರೆ ವರ್ತಮಾನ. 'ಅನ್ತಿ' ಇದ್ದರೆ ಮುಂದೆ ಆಗುವುದು ('ನಾನ್ತಿ'). 'ಅಸ' ಇದ್ದರೆ ನಮ್ಮ 'ತಿಂದು, ಹೋಗಿ, ನೋಡಿ' ಥರದ್ದು. 'ಮುಗಿಯಿತು' ಎನ್ನುವ 'ಹಾಬಿಸ್' ಸವೆದು ಹೀಗಾಗಿದೆ. ವಾಕ್ಯದಲ್ಲಿ 'ಅಸ' ಎಷ್ಟು ಸಲ ಬಂದರೂ ಮುಖ್ಯ ಕ್ರಿಯೆ ಕೊನೆಯದ್ದೊಂದೇ.

ನಿಷೇಧದಲ್ಲಿ ಎಲ್ಲರೂ ಎಡವುತ್ತಾರೆ. 'ತರ-ಮಾಕಙ್' ಎಂದರೆ ತಿನ್ನಲಿಲ್ಲ, 'ತಮ-ಮಾಕಙ್' ಎಂದರೆ ತಿನ್ನುವುದಿಲ್ಲ. ಕಾಲ ಆ 'ತರ', 'ತಮ'ಗಳ ಒಳಗೇ ಇದೆ, ಹಾಗಾಗಿ ಅವು ಬಂದಲ್ಲಿ 'ಸು', 'ಅರ' ಬರುವುದಿಲ್ಲ. 'ಸು' ಕಾಣಲಿಲ್ಲವೆಂದು ವರ್ತಮಾನ ಎಂದು ಬರೆದುಬಿಟ್ಟರೆ ಅರ್ಥವೇ ತಿರುಗುತ್ತದೆ.

ಇನ್ನು ನಾಮಪದದ ಬಾಲ. 'ನಙ್' ನಮ್ಮ ಗೆ/ಕ್ಕೆ. 'ಕ' ನಮ್ಮ ಅಲ್ಲಿ. 'ದೆರಿಙ್' ಅಥವಾ 'ರಿಙ್' ಇಂದ. 'ಪೆ' ಷಷ್ಠಿ: 'ಸೆಪ್ಪೆ ರೂಮ' ಎಂದರೆ ನನ್ನ ಮನೆ. ನೀವು ಕೇಳಿದ 'ಯಙ್' ನಮ್ಮ 'ಅನ್ನು', ದ್ವಿತೀಯಾ. ಮಲಾಯ್ ಬಲ್ಲವರಿಗೆ ಅದನ್ನು ಕೇಳಿದ ಕೂಡಲೇ ಮುಂದೊಂದು ಉಪವಾಕ್ಯ ಬರುತ್ತದೆ ಎಂದು ಕಿವಿ ಕಾಯುತ್ತದೆ, ಆದರೆ ಬರುವುದೇ ಇಲ್ಲ. ಕರಾವಳಿಯವರಿಗೆ ಬೇರೊಂದು ಮೋಸ ಉಂಟು: ತುಳುವಿನ 'ಎಂಕ್', 'ಆಯಗ್' ಕೇಳಿದ ಕಿವಿಗೆ 'ರೂಮ-ಕ' ಎಂದರೆ 'ಮನೆಗೆ' ಅನ್ನಿಸುತ್ತದೆ. ಅಲ್ಲ, ಅದು 'ಮನೆಯಲ್ಲಿ'.

ಬಲ್ಮಠ_ನುಡಿ:

ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ.

ನಮ್ಮ 'ನನಗೆ ಬೇಕು', ತುಳುವಿನ 'ಎಂಕ್ ಬೋಡು', ಕೊಂಕಣಿಯ 'ಮಾಕಾ ಜಾಯ್' ಇಲ್ಲೂ ಉಂಟು: 'ಸೆ-ದಙ್ ಮಾವು'. 'ದಙ್' ಎಂಬುದು 'ನಙ್'ನದ್ದೇ ರೂಪ. ಮಲೇಷ್ಯಾದಲ್ಲಿ 'ಸಾಯ ಮಾವು', ಅಂದರೆ ಅಕ್ಷರಶಃ 'ನಾನು ಬೇಕು'. ಆಗುತ್ತದೆ ಎನ್ನುವ 'ಬೋಲೆ'ಗೂ ಹೀಗೆಯೇ ಚತುರ್ಥಿ (ಗೆ/ಕ್ಕೆ). ಹಾಗಾಗಿ 'ನಙ್' ಕಂಡಲ್ಲೆಲ್ಲ 'ಯಾರಿಗೋ ಕೊಟ್ಟರು' ಎಂದು ಅರ್ಥ ಮಾಡಬೇಡಿ. ವಾಕ್ಯದ ಕೊನೆ ನೋಡಿ, 'ಮಾವು' ಅಥವಾ 'ಬೋಲೆ' ಇದ್ದರೆ 'ನಙ್' ಹತ್ತಿದವರೇ ಕರ್ತೃ.

ಇನ್ನೊಂದು 'ಕಾತ'. ಇದು ನಮ್ಮ 'ಅಂತ', ತುಳುವಿನ 'ಪಂದ್', ಕೊಂಕಣಿಯ 'ಮ್ಹಣ್'. ಹೇಳಿದ ಮಾತು ಮುಗಿದ ಮೇಲೆ ಬರುತ್ತದೆ: 'ದೆರಙ್ ಅರ-ಪಿ ಕಾತ ಇಞ್ಚಯಙ್ ಸು-ಬೀಲಙ್', ಅವರೆಲ್ಲ ಹೋಗುತ್ತಿದ್ದಾರೆ ಅಂತ ಅವರು (ಒಬ್ಬರು) ಹೇಳಿದರು. ಮಲಾಯ್‌ನಲ್ಲಿ 'ಕಾತ' ಎಂದರೆ ಮಾತು, ನುಡಿ. 'ಹೇಳು' ಅರ್ಥದ ಶಬ್ದವೇ ಸವೆದು 'ಅಂತ' ಆಗುವುದು ಕರಾವಳಿಯವರಿಗೆ ಹೊಸತಲ್ಲ, ತುಳು ಕೊಂಕಣಿ ಎರಡರಲ್ಲೂ ಆದದ್ದು ಅದೇ.

ಮಣ್ಣಗುಡ್ಡ_7:

ಬೋಳಾರದವರು 'ತಮಿಳು-ಸಿಂಹಳ' ಎಂದು ಒಟ್ಟಿಗೆ ಹೇಳಿ ಮುಂದೆ ಹೋದರು. ಚರ್ಚೆ ಇರುವುದೇ ಅಲ್ಲಿ. ಸಿಲೋನಿನ ಕರಾವಳಿ 1796ರವರೆಗೆ ಡಚ್ಚರ ಕೈಯಲ್ಲಿತ್ತು. ಅವರು ಜಾವಾ ಮತ್ತು ಸುತ್ತಲಿನ ದ್ವೀಪಗಳಿಂದ ಗಡಿಪಾರಾದ ಅರಸು ಮನೆತನದವರನ್ನೂ ಸೈನಿಕರನ್ನೂ ಅಲ್ಲಿಗೆ ಕರೆತಂದರು. ಆಮೇಲೆ ಬ್ರಿಟಿಷರ ಮಲಾಯ್ ಪಡೆ, ಅಂದರೆ ಸಿಲೋನ್ ರೈಫಲ್ಸ್, 1873ರಲ್ಲಿ ವಿಸರ್ಜನೆಯಾಗುವ ತನಕ ಈ ಸಮುದಾಯದ ಬೆನ್ನೆಲುಬಾಗಿತ್ತು. ಅಲ್ಲಿನ ತಮಿಳು ಮಾತಾಡುವ ಮುಸ್ಲಿಮರೊಂದಿಗೆ ಮದುವೆ ಸಂಬಂಧ ಬೆಳೆದದ್ದರಿಂದ ತಮಿಳಿನ ಪ್ರಭಾವವೇ ಮೊದಲು ಎಂಬುದು ಒಂದು ವಾದ. ಮೂರೂ ಭಾಷೆ ದಿನವೂ ಆಡುವವರ ಬಾಯಲ್ಲಿ ಎರಡು ಕಡೆಯಿಂದಲೂ ಬಂತು ಎಂಬುದು ಇನ್ನೊಂದು.

ನನಗೆ ಎರಡನೆಯದೇ ಸರಿ ಕಾಣುತ್ತದೆ. 'ಯಙ್' ನೋಡಿ. ಅದು ಜೀವ ಇಲ್ಲದ ವಸ್ತುವಿಗೂ ಹತ್ತುತ್ತದೆ, ನಿರ್ದಿಷ್ಟ ವಸ್ತು ಆದಾಗ ಹೆಚ್ಚು, ಇಲ್ಲದಿದ್ದರೆ ಬಿಟ್ಟೂ ಹೋಗುತ್ತದೆ. ನಮ್ಮ 'ಪುಸ್ತಕ ಓದಿದೆ', 'ಪುಸ್ತಕವನ್ನು ಓದಿದೆ' ಇದ್ದ ಹಾಗೆ. ತಮಿಳಿನ ದಾರಿ ಇದು. ಆಡುಸಿಂಹಳದಲ್ಲಿ ದ್ವಿತೀಯಾ ಪ್ರತ್ಯಯ ಜೀವ ಇರುವವಕ್ಕೆ ಮಾತ್ರ. ಆದರೆ 'ಒಂದು' ಎನ್ನುವ 'ಹತ್ತು' (ಮಲಾಯ್ 'ಸಾತು') ನಾಮಪದದ ಹಿಂದೆಯೂ ಹೋಗಿ ಕೂರುತ್ತದೆ: 'ಓರಙ್ ಹತ್ತು', ಒಬ್ಬ ಮನುಷ್ಯ. ತಮಿಳಿನ 'ಒರು' ಎಂದೂ ಹಾಗೆ ಹಿಂದೆ ಹೋಗುವುದಿಲ್ಲ. ಸಿಂಹಳದಲ್ಲಿ 'ಪೊತ' ಪುಸ್ತಕ, 'ಪೊತಕ್' ಒಂದು ಪುಸ್ತಕ. ಹಾಗೆಂದು 'ಹತ್ತು' ಕೇಳಿ 10 ಎಂದು ಬರೆದೀರಿ, ಜಾಗ್ರತೆ.

ಎರಡೂ ಭಾಷೆಗೆ ಬಗ್ಗದ ಜಾಗ ಒಂದುಂಟು, ನನಗೆ ಅದೇ ಬಹಳ ಇಷ್ಟ. ತಮಿಳು, ಸಿಂಹಳ, ಕನ್ನಡ ಮೂರರಲ್ಲೂ ಕಾಲಸೂಚಕ ಧಾತುವಿನ ಹಿಂದೆ, ಅಂದರೆ ಧಾತು ಆದ ಮೇಲೆ ಬರುತ್ತದೆ. ಇಲ್ಲಿ 'ಸು', 'ಅರ', 'ಅಸ' ಮುಂದೆಯೇ ಉಳಿದಿವೆ, ಯಾಕೆಂದರೆ ಮಲಾಯ್‌ನಲ್ಲಿ 'ಸುದಾಹ್ ಮಾಕಾನ್' ಎಂದು ಅವು ಮುಂದೆಯೇ ಇದ್ದವು. 'ಏನನ್ನು ಗುರುತಿಸಬೇಕು' ಎಂಬುದನ್ನು ನೆರೆಯವರಿಂದ ತಕ್ಕೊಂಡರು, 'ಎಲ್ಲಿ ಇಡಬೇಕು' ಎಂಬುದನ್ನು ಮನೆಯದ್ದೇ ಇಟ್ಟುಕೊಂಡರು.

ಪರ್ಕಳ_ಲಿಪಿ:

ಕನ್ನಡ ಲಿಪಿ ಧಾರಾಳ ಸಾಕು, ರೋಮನ್‌ಗಿಂತ ಒಳ್ಳೆಯದು. ಈ ಮಾತಿನಲ್ಲಿ ತ-ಟ ಬೇರೆ ಬೇರೆ, ಮಲೇಷ್ಯಾದಲ್ಲಿ ಹಾಗಿಲ್ಲ. ಶ್ರೀಲಂಕಾದವರು ರೋಮನ್‌ನಲ್ಲಿ ಟಿ-ಎಚ್ ಬರೆದರೆ ಅದು ಬರೀ 'ತ'. ನೀವು 'ಥ' ಮಾಡಬೇಡಿ.

ಪದದ ಕೊನೆಗೆ 'ನ್' ಹೋಗಿ 'ಙ್' ಆಗಿರುತ್ತದೆ: ಮಾಕಾನ್ ಮಾಕಙ್ ಆಗಿದೆ, ಇಕಾನ್ ಈಕಙ್ ಆಗಿದೆ. ಇದನ್ನು 'ಮಾಕಂಗ್' ಎಂದು ಬರೆದರೆ ನಾಳೆ ನೀವೇ 'ಗ್' ಸೇರಿಸಿ ಓದುತ್ತೀರಿ. ಙ್ ಬಳಸಿ, ಕೀಲಿಮಣೆಯಲ್ಲಿ ಉಂಟು. ಮಲಾಯ್‌ನ ಅರೆಸ್ವರ (ಬಾಯಿ ಪೂರ್ತಿ ತೆರೆಯದೆ ಆಡುವ ಮಂದ ಸ್ವರ) ಇದ್ದ ಕಡೆ ಇಲ್ಲಿ ಒತ್ತಕ್ಷರ ಹುಡುಕಿ: ಬಸಾರ್ (ದೊಡ್ಡ) 'ಬಿಸ್ಸರ್', ಬಲಿ (ಕೊಂಡುಕೊಳ್ಳು) 'ಬಿಲ್ಲಿ'. ನಿಘಂಟಿನಲ್ಲಿ ಶಬ್ದ ಸಿಗದಿದ್ದರೆ ಒಂದು ಒತ್ತು ತೆಗೆದು ಮತ್ತೆ ನೋಡಿ.

ನಾಲ್ಕು ಸಾಲು ಇಟ್ಟುಕೊಳ್ಳಿ: ಕೇಳಿದ ಹಾಗೆ, ತುಂಡು ಮಾಡಿ, ತುಂಡಿನ ಅರ್ಥ, ಇಡೀ ವಾಕ್ಯದ ಕನ್ನಡ. ಒಂದು ನಿಮಿಷದ ಮಾತಿಗೆ ಒಂದು ಗಂಟೆಯಾದರೂ ಇಡಿ. ಇನ್ನೊಂದು: 1869ರಲ್ಲಿ ಕೊಲಂಬೊದಲ್ಲಿ ಅರಬ್ಬಿ ಲಿಪಿಯಲ್ಲಿ ಬಂದ 'ಅಲಾಮತ್ ಲಂಕಾಪುರಿ' ಪತ್ರಿಕೆಯದ್ದು ಗ್ರಂಥಸ್ಥ ಮಲಾಯ್. ಅದನ್ನು ಎದುರಿಗಿಟ್ಟುಕೊಂಡು ಆಡುಮಾತು ತಿದ್ದಬೇಡಿ.

ಬೋಳಾರ_ಬಂದರು:

ಅಭ್ಯಾಸಕ್ಕೆ ಒಂದು: ಸೆ ಸು-ಬಿಲ್ಲಿ ಈಕಙ್-ಯಙ್ ದೆರಙ್ ತರ-ಮಾಕಙ್.

ಕಲ್ಸಂಕ_ಓದು:

'ನಾನು ಮೀನು ಕೊಂಡೆ, ಅದನ್ನು ಅವರು ತಿನ್ನಲಿಲ್ಲ.' ಸರಿಯಾ?

ಬೋಳಾರ_ಬಂದರು:

'ತರ' ಸರಿ ಹಿಡಿದಿರಿ. ಆದರೆ ಅದು ಎರಡು ವಾಕ್ಯ ಅಲ್ಲ. 'ಸೆ ಸು-ಬಿಲ್ಲಿ ಈಕಙ್' ಎಂದರೆ 'ನಾನು ಕೊಂಡ ಮೀನು'. 'ಕೊಂಡ' ಎನ್ನುವ ಕೃದಂತಕ್ಕೆ ಇಲ್ಲಿ ಬೇರೆ ರೂಪ ಇಲ್ಲ, 'ಸು-ಬಿಲ್ಲಿ' ನಾಮಪದದ ಮುಂದೆ ನಿಂತರೆ ಅದೇ 'ಕೊಂಡ'. ಹಾಗಾಗಿ 'ಸು' ಕಂಡ ತಕ್ಷಣ ಪೂರ್ಣವಿರಾಮ ಹಾಕಬೇಡಿ, ಹಿಂದೆಯೇ ನಾಮಪದ ಉಂಟಾ ನೋಡಿ. ನಾನು ಕೊಂಡ ಮೀನನ್ನು ಅವರು ತಿನ್ನಲಿಲ್ಲ. ನಿಮ್ಮ ಧ್ವನಿಮುದ್ರಣದ ಮೊದಲ ಹತ್ತು ವಾಕ್ಯ ಹೀಗೆ ಬಿಡಿಸಿ ಇಲ್ಲಿ ಹಾಕಿ, ನೋಡುವ.