ಅಪ್‌ಡೇಟ್: ನೇರ ಪಂಚ್ ಬಂದಾಗ ಹಿಂದೆ ಹಿಂದೆ ಹೋಗುವುದು ಕೊನೆಗೂ ನಿಂತಿತು

ಎದುರಾಳಿ ನೇರ ಪಂಚ್ ಹಾಕುತ್ತಾ ನುಗ್ಗಿದರೆ ನಾನು ಹಿಂದೆ ಸರಿದು ಗೆರೆ ದಾಟಿಬಿಡುತ್ತೇನೆ, ಏನು ಮಾಡಲಿ ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆ. ಕರಾಟೆ ಕುಮಿತೆಯ (ಇಬ್ಬರು ಎದುರುಬದುರು ಆಡುವ ಪಂದ್ಯ) ಅಂಕಣ ಇರುವುದೇ 8 ಮೀಟರ್ ಚೌಕ. ಹಿಂದಕ್ಕೆ ಎಷ್ಟು ಅಂತ ಹೋಗುವುದು, ಅಲ್ವಾ?

ಓರೆ ಹೆಜ್ಜೆ ಹಾಕು ಅಂದವರಿಗೆ ದೊಡ್ಡ ಥ್ಯಾಂಕ್ಸ್. ಜಪಾನಿಯಲ್ಲಿ ಇದಕ್ಕೆ ತಾಯ್ ಸಬಾಕಿ ಅಂತಾರೆ. ಎದುರಿನವನ ಎಡಗೈ ಮುಂದಿದ್ದರೆ ನಾನು ನನ್ನ ಬಲಕ್ಕೆ, ಅವನ ತೋಳಿನ ಹೊರಬದಿಗೆ ಹೋಗುತ್ತೇನೆ. ಬಲಗಾಲು ಮೊದಲು, ಎಡಗಾಲು ಆಮೇಲೆ. ಹಾಗಾಗಿ ಕಾಲು ಕತ್ತರಿ ಆಗುವುದಿಲ್ಲ. ಅವನ ಬಲಗೈಗೆ ನಾನು ದೂರ, ನನ್ನ ಕೈಗೆ ಅವನ ಪಕ್ಕೆಲುಬು ಹತ್ತಿರ.

ಜೋರಾಗಿ ಬ್ಲಾಕ್ ಮಾಡುವ ಸಲಹೆ ನನಗೆ ಆಗಲಿಲ್ಲ. ಮೊದಲನೆಯದು ತಡೆದರೂ ಎರಡನೆಯದು ಬಂದೇ ಬರುತ್ತಿತ್ತು. ಸ್ಕಿಪ್ಪಿಂಗ್‌ನಿಂದ ದಮ್ಮು ಜಾಸ್ತಿ ಆಯ್ತು, ಅಷ್ಟೇ.

ನಿಜವಾದ ತಪ್ಪು ತೋರಿಸಿದ್ದು ಧಾರವಾಡದ ನಮ್ಮ ಮನೆ ಅಂಗಳ. ಮಳೆ ಬಂದು ಮಣ್ಣು ಮೆತ್ತಗಿತ್ತು. ಗೆರೆ ಎಳೆದು, ತಮ್ಮನಿಗೆ ನಿಧಾನವಾಗಿ ಪಂಚ್ ಹಾಕು ಅಂದೆ. ಹೆಜ್ಜೆ ಗುರುತು ನೋಡಿದರೆ, ಪಕ್ಕಕ್ಕೆ ಹೋಗುವ ಮೊದಲು ಪ್ರತಿ ಸಲ ಹಿಮ್ಮಡಿ ಹಿಂದಕ್ಕೆ ಊರಿದ್ದೆ! ಭಾರ ಎರಡೂ ಕಾಲಿನ ಮುಂಪಾದಕ್ಕೆ ತಂದ ಮೇಲೆ ಅದು ಹೋಯಿತು. ಹೆಜ್ಜೆಯೂ ದೊಡ್ಡದು ಬೇಡ, ಒಂದು ಗೇಣು ಸಾಕು, ತಲೆ ಪಂಚ್‌ನ ದಾರಿಯಿಂದ ತಪ್ಪಿದರೆ ಆಯ್ತು.

ನಿನ್ನೆ ಕ್ಲಾಸಿನಲ್ಲಿ ಮೂರು ಸುತ್ತು ಆಡಿದೆ. ಒಮ್ಮೆಯೂ ಗೆರೆ ದಾಟಲಿಲ್ಲ. ಎಡಕ್ಕೆ ಸರಿಯುವುದು ಇನ್ನೂ ನಿಧಾನ, ಈ ವಾರ ಅದನ್ನೇ ಹಿಡಿದಿದ್ದೇನೆ.